ಇಲ್ಲದ ಹಕ್ಕಿಗೆ ದನಿ ಕೊಟ್ಟವರು

ಜೋರು ಮಳೆ ಬಿದ್ದ ಮೇಲೆ ಹೊಸೂರು ಸೀಮೆಯ ಉದ್ದನಪಲ್ಲಿ ಕಡೆಯ ಹಳ್ಳಗಳಲ್ಲಿ ಕೆಂಪು ನೀರು ಹರಿಯುತ್ತದೆ. ಆ ಜುಳುಜುಳು ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಿದರೆ, ನೀರು ಕಲ್ಲಿಗೆ ಬಡಿಯುವುದರಿಂದ ಎನ್ನುವವರೇ ಹೆಚ್ಚು. ಹಾಡುವುದು ನೀರೊಳಗೆ ಸಿಕ್ಕಿಕೊಂಡ ಗಾಳಿ. ಇದನ್ನು 1933ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಮಾರ್ಸೆಲ್ ಮಿನ್ನಾರ್ಟ್, ಸೂರ್ಯನ ಬೆಳಕನ್ನು ಓದುವುದೇ ಕಸುಬಾಗಿದ್ದ ಉಟ್ರೆಕ್ಟ್‌ನ ವಿಜ್ಞಾನಿ. ಗುಳ್ಳೆ ಹುಟ್ಟಿದ ಗಳಿಗೆಯಲ್ಲಿ ಅದರೊಳಗಿನ ಗಾಳಿ ಹಿಗ್ಗಿ ಕುಗ್ಗಿ ಅದುರುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಶ್ರುತಿ ತಗ್ಗು. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,260 ಸಲ ಅದುರಿದರೆ, ಅದರ ಹತ್ತರಷ್ಟು ತ್ರಿಜ್ಯದ್ದು 326 ಸಲ.

ಗುಳ್ಳೆಗೂ ಶ್ರುತಿಯಿದೆ ಎಂದಮೇಲೆ ನೀರಿಲ್ಲದೆಯೂ ಹಳ್ಳ ಹರಿಸಬಹುದು. ಹುಟ್ಟಿದ ಕೂಡಲೇ ಆರಿಹೋಗುವ ಚಿಕ್ಕಚಿಕ್ಕ ಸ್ವರಗಳನ್ನು ಲೆಕ್ಕವಿಲ್ಲದೆ ಎರಚಬೇಕು. ಗಾಳಿಗೆ ಸ್ವರವೇ ಬೇಡ. ಎಲ್ಲ ಶ್ರುತಿಗಳೂ ಕಲೆತ ಗದ್ದಲ, ಸ್ಟೇಷನ್ ಸಿಗದ ರೇಡಿಯೊದ ಸುಯ್ಯೆನ್ನುವ ಸದ್ದಿನಂಥದ್ದು, ಸಾಕು. ಅದನ್ನು ಕೆಲವು ಶ್ರುತಿಗಳನ್ನಷ್ಟೇ ಬಿಡುವ ಫಿಲ್ಟರ್‌ನಲ್ಲಿ ಹಾಯಿಸಿ, ಫಿಲ್ಟರನ್ನು ನಿಧಾನವಾಗಿ ಏರಿಸಿ ಇಳಿಸಿದರೆ ಗಾಳಿ ಬೀಸುತ್ತದೆ. ಹಕ್ಕಿ ಬೇಕಾದರೆ ಒಂದೇ ಸ್ವರವನ್ನು ಕ್ಷಣಮಾತ್ರದಲ್ಲಿ ಮೇಲಕ್ಕೆಳೆದು ಬಿಡಬೇಕು. ಇದೆಲ್ಲ ಕೈಗೆ ಎಟುಕಿದ್ದು ಅಮೆರಿಕದ ರಾಬರ್ಟ್ ಮೋಗ್ 1964ರಲ್ಲಿ ಕಟ್ಟತೊಡಗಿದ ಸಿಂಥಸೈಜರ್‌ನಿಂದ. ಅದರಲ್ಲಿ ಶ್ರುತಿ, ಫಿಲ್ಟರ್, ಸದ್ದಿನ ಏರಿಳಿತ ಎಲ್ಲವೂ ವೋಲ್ಟೇಜ್ ಹೇಳಿದಂತೆ ಕೇಳುತ್ತವೆ.

1969ರಲ್ಲಿ ಆ ಯಂತ್ರ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿತ್ತು. ಅಲ್ಲಿ ಸ್ಟುಡಿಯೊ ಜೋಡಿಸಲು ನೆರವಾದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಈ ನಂಟಿನ ಬೇರು ಇನ್ನೂ ಹಳೆಯದು. ಪಖಾವಾಜ್ ವಾದಕಿ ಗೀತಾ ಸಾರಾಭಾಯ್ 1946ರಲ್ಲಿ ನ್ಯೂಯಾರ್ಕಿನಲ್ಲಿ ಸಂಗೀತ ಸಂಯೋಜಕ ಜಾನ್ ಕೇಜ್‌ಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸಂಗೀತ ಹೇಳಿಸಿಕೊಂಡಿದ್ದರು. ಟ್ಯೂಡರ್ ಅದೇ ಕೇಜ್ ಬಳಗದವರು.

1972ರವರೆಗೆ ಗೀತಾ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಕೃತಿಗಳನ್ನು ಕಟ್ಟಿದರು. ಅವುಗಳಲ್ಲಿ ಮಾಥುರ್ ಅವರ ‘ಮೈ ಬರ್ಡ್ಸ್’ ಇದೆ, ಶರ್ಮಾ ಅವರ ‘ವಿಂಡ್ ಅಂಡ್ ಬಬಲ್ಸ್’ ಇದೆ. ಟೇಪ್ ರೆಕಾರ್ಡರ್ ಹೊತ್ತು ಕಾಡಿಗೇ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಹೋಗಿದ್ದರೆ ಇರುವ ಹಕ್ಕಿ ಸಿಗುತ್ತಿತ್ತು. ಇಲ್ಲದ ಹಕ್ಕಿಯನ್ನು ಕೂಗಿಸಬೇಕಾದರೆ ಕೂಗು ಎಲ್ಲಿ ಏರುತ್ತದೆ, ಎಲ್ಲಿ ಮುರಿಯುತ್ತದೆ, ಎರಡು ಕೂಗುಗಳ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ಕಿವಿಯಲ್ಲೇ ಬಿಡಿಸಿ ನೋಡಬೇಕು. ಗಮಕ ಬಲ್ಲ ಕಿವಿಗೆ ಇದು ಒಗ್ಗುವ ಕೆಲಸ ಎಂದೇ ನನ್ನ ನಂಬಿಕೆ. ಸ್ವರದಿಂದ ಸ್ವರಕ್ಕೆ ಜಾರುವುದು ನಮಗೆ ಹೊಸದಲ್ಲ. ನಮ್ಮ ಸಂಗೀತದ ಚರಿತ್ರೆ ಬರೆಯುವವರು ಈ ವರ್ಷಗಳಿಗೆ ಒಂದು ಅಧ್ಯಾಯವನ್ನೇ ಕೊಡಬೇಕು.

ಟೇಪ್ ಸುರುಳಿಗಳು ದಶಕಗಳ ಕಾಲ ಸಂಸ್ಥೆಯಲ್ಲೇ ಉಳಿದಿದ್ದವು. ಅವನ್ನು ಹುಡುಕಿ ಕೇಳಿಸಿದವರು ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಾಸ್. 2020ರಲ್ಲಿ ಅವರು ಬಿಬಿಸಿ ರೇಡಿಯೊ 3ರಲ್ಲಿ ಈ ಕತೆ ಹೇಳಿದರು; 2023ರಲ್ಲಿ ಕೃತಿಗಳು ಆಲ್ಬಮ್ ಆಗಿ ಹೊರಬಂದವು. ಹೊಸೂರು, ಕೃಷ್ಣಗಿರಿ ಕಡೆ ಎಲೆಕ್ಟ್ರಾನಿಕ್ಸ್ ಓದುವ ಹುಡುಗ ಹುಡುಗಿಯರು ಇವನ್ನು ಕೇಳಬೇಕು, ಕೇಳಿ ತಾವೂ ಕೈಹಚ್ಚಬೇಕು. ಅಂದು ಸಮುದ್ರ ದಾಟಿ ಬಂದಿದ್ದ, ಸ್ವರ ಹುಟ್ಟಿಸುವ ಆಸಿಲೇಟರ್, ಫಿಲ್ಟರ್‌ಗಳೆಲ್ಲ ಈಗ ಫೋನಿನ ಉಚಿತ ಆ್ಯಪ್‌ಗಳಲ್ಲಿವೆ. ಶುರುವಿಗೆ ಗಾಳಿಯೇ ಸುಲಭ; ಹಕ್ಕಿ ಆಮೇಲೆ.