ಮಾಳಿಗೆ ಮೇಲಿನ ಕೆಂಪು ತ್ರಿಕೋನ

ಪೆಟ್ರೋಲ್ ಕಂಪನಿಯ ಜಾಹೀರಾತನ್ನು ಉಳಿಸಿಕೊಳ್ಳಲು ಊರಿಗೆ ಊರೇ ದನಿಯೆತ್ತಿತೆಂದರೆ ನಂಬುವುದು ಕಷ್ಟ. ಅಮೆರಿಕದ ಬಾಸ್ಟನ್‌ನ ಕೆನ್‌ಮೋರ್ ಚೌಕದಲ್ಲಿ ಅದು ನಡೆದಿದೆ. ಅಲ್ಲಿನ ಕಟ್ಟಡವೊಂದರ ಮಾಳಿಗೆಯ ಮೇಲೆ 1940ರಲ್ಲಿ ಸಿಟೀಸ್ ಸರ್ವಿಸ್ ಕಂಪನಿ ತನ್ನ ಫಲಕ ನಿಲ್ಲಿಸಿತು. ಕಂಪನಿ ಸಿಟ್‌ಗೋ ಎಂಬ ಹೆಸರು ತಳೆದ ಮೇಲೆ, 1965ರಲ್ಲಿ, ಈಗಿನ ಕೆಂಪು ತ್ರಿಕೋನ ಬಂತು. ಉದ್ದ ಅಗಲ ಎರಡೂ 60 ಅಡಿ. ಶಿರೋಳ ಸೀಮೆಯ ಎರೆಹೊಲಗಳವರಿಗೆ ನರಗುಂದದ ಗುಡ್ಡ ಗುರುತಾಗಿರುವಂತೆ ಬಾಸ್ಟನ್ನಿಗರಿಗೆ ಇದು ಗುರುತು. ಮ್ಯಾರಥಾನ್ ಓಡಿ ದಣಿದವರು ಇದನ್ನು ಕಂಡು ಗುರಿ ಹತ್ತಿರವಾಯಿತೆಂದು ತಿಳಿಯುತ್ತಾರೆ. ಮಾರಾಟಕ್ಕೆಂದು ನಿಲ್ಲಿಸಿದ್ದು ದಾರಿ ತೋರಿಸತೊಡಗಿದರೆ, ಅದರ ಮೇಲೆ ನೋಡುವವರಿಗೂ ಹಕ್ಕು ಬರುತ್ತದೆ ಎಂಬುದು ನನ್ನ ವಾದ.

ಈ ಫಲಕ ದಶಕಗಳ ಕಾಲ ಬೆಳಗಿದ್ದು ನಿಯಾನ್ ಕೊಳವೆಗಳಿಂದ. ನಿಯಾನ್ ಅನಿಲವನ್ನು 1898ರಲ್ಲಿ ಲಂಡನ್ನಿನಲ್ಲಿ ಕಂಡುಹಿಡಿದವರು ವಿಲಿಯಂ ರ್‍ಯಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್. ಇಬ್ಬರಿಗೂ ನಮ್ಮ ನಾಡಿನ ನಂಟಿದೆ: ಟಾಟಾ ಅವರ ವಿಜ್ಞಾನ ಸಂಸ್ಥೆಗೆ ಬೆಂಗಳೂರೇ ತಕ್ಕ ಜಾಗವೆಂದವರು ರ್‍ಯಾಮ್ಸೆ, ಆ ಸಂಸ್ಥೆಯ ಮೊದಲ ನಿರ್ದೇಶಕರು ಟ್ರಾವರ್ಸ್. 1910ರಲ್ಲಿ ಪ್ಯಾರಿಸ್‌ನಲ್ಲಿ ಜಾರ್ಜ್ ಕ್ಲಾಡ್ ನಿಯಾನ್ ದೀಪವನ್ನು ಜನರೆದುರು ಬೆಳಗಿಸಿದ. ಇಂಥ ಕೊಳವೆ ಮಾಡುವ ಕೆಲಸವೆಲ್ಲ ಕೈಯದು, ಉಸಿರಿನದು. ಗಾಜಿನ ಕೊಳವೆಯನ್ನು ಉರಿಯ ಮೇಲೆ ಹೊರಳಿಸುತ್ತ ಮೆತ್ತಗಾಗಿಸಿ, ತಿರುವುಮುರುವಾಗಿ ಬರೆದ ಅಕ್ಷರದ ನಕ್ಷೆಯ ಮೇಲಿಟ್ಟು, ಗಟ್ಟಿಯಾಗುವುದರೊಳಗೆ ಬಾಗಿಸಬೇಕು. ತಿರುವಿನಲ್ಲಿ ಕೊಳವೆ ಚಪ್ಪಟೆಯಾಗದಂತೆ ಬಾಯಲ್ಲಿ ಕಚ್ಚಿದ ರಬ್ಬರ್ ನಳಿಕೆಯಿಂದ ಹದವಾಗಿ ಊದುತ್ತಿರಬೇಕು. ಆಮೇಲೆ ಗಾಳಿ ತೆಗೆದು ಅನಿಲ ತುಂಬಿ, ಸಾವಿರಾರು ವೋಲ್ಟ್ ವಿದ್ಯುತ್ ಹರಿಸಿದರೆ ನಿಯಾನ್ ಕೆಂಪಗೆ ಹೊಳೆಯುತ್ತದೆ. ನೀಲಿಗೆ ಆರ್ಗಾನ್ ಮತ್ತು ಪಾದರಸ ಬೇಕು.

ತೈಲ ಕಂಪನಿಯ ಪ್ರಚಾರಕ್ಕೆ ಪರಂಪರೆಯ ಪಟ್ಟವೇಕೆ ಎಂಬ ಆಕ್ಷೇಪ ಹಗುರವಾದುದಲ್ಲ. ಇಂಧನ ಉಳಿಸಲೆಂದು 1979ರಲ್ಲಿ ರಾಜ್ಯಪಾಲರ ಕೋರಿಕೆಯಂತೆ ದೀಪ ಆರಿಸಿದರು. ಆದರೆ ಫಲಕವನ್ನೇ ಕಳಚಲು ಹೊರಟಾಗ ಜನ ಅಡ್ಡ ಬಂದರು. 1983ರಲ್ಲಿ ಅದು ಮತ್ತೆ ಬೆಳಗಿತು. ಅವರು ಕಾಪಾಡಿದ್ದು ಪೆಟ್ರೋಲನ್ನಲ್ಲ, ತಮ್ಮ ಇರುಳಿನ ಆಕಾಶದ ಒಂದು ಪಾಲನ್ನು. 2005ರಲ್ಲಿ ನಿಯಾನ್ ಹೋಗಿ ಎಲ್‌ಇಡಿ ಬಂದ ಮೇಲೆ ಉಳಿದದ್ದೇನು ಎಂದು ಕೇಳುವವರಿದ್ದಾರೆ. ಆಕಾರ, ಜಾಗ, ಬಣ್ಣ ಉಳಿದಿವೆ. ಊದಿ ಬಾಗಿಸಿದ ಗಾಜು ಹೋಯಿತು, ಆ ನಷ್ಟವನ್ನು ಒಪ್ಪಲೇಬೇಕು. 2018ರಲ್ಲಿ ನಗರದ ಸ್ಮಾರಕ ಆಯೋಗ ಫಲಕಕ್ಕೆ ಮಾನ್ಯತೆ ಕೊಡಲು ಒಪ್ಪಿತು, ಮೇಯರ್ ತಳ್ಳಿಹಾಕಿದರು. ಕಂಪನಿಗೂ ಕಟ್ಟಡದ ಮಾಲೀಕರಿಗೂ ಆದ ಒಪ್ಪಂದವೇ ಸಾಕೆಂದರು. ಆ ಒಪ್ಪಂದ ಮುಗಿದ ದಿನ ಓಟಗಾರರನ್ನು ಯಾರೂ ಕೇಳಬೇಕಾಗಿಲ್ಲ.