ಕರಡಿಯಿದ್ದರೆ ಕಾಸಲ್ಲ

ಕಿರುಬೆರಳಿನ ಉಗುರಿನಷ್ಟು ಅಗಲದ ಹಳದಿ ಬಿಲ್ಲೆ. ಒಂದು ಬದಿಯಲ್ಲಿ ಗಡ್ಡಧಾರಿಯೊಬ್ಬನ ಮುಖ, ಸುತ್ತ ‘ಮ್ಯಾಕ್ಸಿಮಿಲಿಯಾನೊ’ ಎಂಬ ಹೆಸರು. ಮಗುಚಿದರೆ ಹದ್ದು, 1865 ಎಂಬ ಇಸವಿ. ಕೈಗೆ ಸಿಕ್ಕವರಿಗೆ ನಿಧಿ ಸಿಕ್ಕಂತಾಗುವುದು ಸಹಜ. ಆದರೆ ಗುಟ್ಟು ಬಿಟ್ಟುಕೊಡುವುದೇ ಆ ಇಸವಿ. ಮೆಕ್ಸಿಕೊದ ಸಾಮ್ರಾಟ ಮ್ಯಾಕ್ಸಿಮಿಲಿಯನ್ ಚಲಾವಣೆಗೆ ತಂದ ಚಿನ್ನದ ನಾಣ್ಯ ಒಂದೇ ಬಗೆಯದು: 1866ರ 20 ಪೆಸೊ. ಅದು ಸುಮಾರು 33.8 ಗ್ರಾಂ ತೂಗುತ್ತದೆ. ಅರ್ಧ ಗ್ರಾಂ ಆಸುಪಾಸಿನ 1865ರ ಪುಟಾಣಿ, ಎಷ್ಟೋ ಕಾಲದ ನಂತರ ನೆನಪಿನ ಕಾಣಿಕೆಯಾಗಿ ಅಚ್ಚು ಹಾಕಿದ್ದು.

ಹಾಗೆಂದು ಚಿಕ್ಕದೆಲ್ಲ ನಕಲಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣ ಇದಕ್ಕಿಂತಲೂ ಸಣ್ಣದು. ಮೂರು ಗುಲಗಂಜಿ ತೂಕದ ಆ ಚಿನ್ನದ ಮೇಲೆ ನರಸಿಂಹನೇ ಕುಳಿತಿದ್ದಾನೆ, ಅದರಿಂದಲೇ ಸಂತೆಯ ವ್ಯವಹಾರವೂ ನಡೆದಿದೆ. ಮೆಕ್ಸಿಕೊದ 2 ಪೆಸೊ ಕೂಡ ಬರೀ 13 ಮಿಲಿಮೀಟರ್ ಅಗಲದ ಅಪ್ಪಟ ಸರ್ಕಾರಿ ನಾಣ್ಯ.

ಅಸಲು–ನಕಲು ಅತಿ ಹೆಚ್ಚು ಬೆರೆತಿರುವುದು ಕ್ಯಾಲಿಫೋರ್ನಿಯಾದ ಪುಟಾಣಿಗಳಲ್ಲಿ. 1848ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಜನ ಮುಗಿಬಿದ್ದರು, ಚಿಲ್ಲರೆಗೆ ಬರ ಬಂತು. 1850ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅಕ್ಕಸಾಲಿಗರೇ ಕಾಲು, ಅರ್ಧ, ಒಂದು ಡಾಲರಿನ ಚಿನ್ನದ ಕಾಸು ಹೊಡೆದರು. ಖಾಸಗಿ ನಾಣ್ಯಗಳನ್ನು 1864ರ ಕಾನೂನು ನಿಷೇಧಿಸಿದರೂ ಅಚ್ಚು ಕೂಡಲೇ ನಿಲ್ಲಲಿಲ್ಲ. ಬೇಡಿಕೆ ಕಂಡು ನಕಲುಗಳೂ ಬಂದವು. ಸಂಗ್ರಾಹಕರು ಮೊದಲು ನೋಡುವುದು ಎರಡೇ ಗುರುತು. ಅಸಲಿಯಲ್ಲಿ ‘ಡಾಲರ್’, ‘ಡಾಲ್’ ಅಥವಾ ‘ಸೆಂಟ್ಸ್’ ಎಂದು ಬೆಲೆ ಬರೆದಿರಬೇಕು. ಹಿಂಬದಿಯಲ್ಲಿ ಕರಡಿ ನಿಂತಿದ್ದರೆ ಅದು ಕಾಸಲ್ಲ, ಬಿಲ್ಲೆ. ಬೆಲೆ ಬರೆದ ನಕಲುಗಳೂ ಇರುವುದರಿಂದ ಮೊದಲ ಗುರುತೊಂದನ್ನೇ ನೆಚ್ಚುವಂತಿಲ್ಲ. ಅಮೆರಿಕದಲ್ಲಿ 1973ರ ಕಾನೂನಿನ ನಂತರ ತಯಾರಾದ ಪ್ರತಿಕೃತಿಗಳ ಮೇಲೆ ‘ಕಾಪಿ’ ಎಂಬ ಮುದ್ರೆ ಕಡ್ಡಾಯ. ಹಳೆಯವುಗಳಲ್ಲಿ ಅದೂ ಇರುವುದಿಲ್ಲ.

ನಕಲೆಂದು ಗೊತ್ತಾದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಒಳಗೆ ಚಿನ್ನವೆಷ್ಟು? ಕೆಲವು 22 ಕ್ಯಾರೆಟ್, ಹಲವು 8 ಕ್ಯಾರೆಟ್, ಇನ್ನು ಕೆಲವು ಬರೀ ಗಿಲೀಟು ಮಾಡಿದ ಹಿತ್ತಾಳೆ. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ಅಳೆಯುವ ಆರ್ಕಿಮಿಡೀಸನ ವಿಧಾನ ಇಲ್ಲಿ ಕೈಕೊಡುತ್ತದೆ. ಅರ್ಧ ಗ್ರಾಂ ಬಿಲ್ಲೆ 22 ಕ್ಯಾರೆಟ್ಟಿನದಾದರೆ ಸುಮಾರು 0.03 ಗ್ರಾಂ ನೀರನ್ನು ಸರಿಸುತ್ತದೆ, 8 ಕ್ಯಾರೆಟ್ಟಿನದಾದರೆ 0.045ರಷ್ಟು. ಮನೆಯ ತಕ್ಕಡಿಗೆ ಆ ವ್ಯತ್ಯಾಸ ತಿಳಿಯದು. ಒರೆಗಲ್ಲು, ಆಸಿಡ್ ಅಥವಾ ಆಭರಣದಂಗಡಿಯ ಕ್ಯಾರೆಟ್ ಮೀಟರನ್ನೇ ನಂಬಬೇಕು. ಮೀಟರ್ ಓದುವುದು ಮೇಲ್ಪದರವನ್ನಾದ್ದರಿಂದ ಗಿಲೀಟು ದಪ್ಪವಿದ್ದರೆ ಅದೂ ಮೋಸಹೋದೀತು.

ಲೆಕ್ಕ ಸುಲಭ. 8 ಕ್ಯಾರೆಟ್ ಎಂದರೆ ಮೂರರಲ್ಲೊಂದು ಪಾಲು ಚಿನ್ನ. ಅರ್ಧ ಗ್ರಾಂನಲ್ಲಿ ಸಿಗುವುದು 0.17 ಗ್ರಾಂ ಅಪ್ಪಟ ಚಿನ್ನ. ಅದನ್ನು ಆ ದಿನದ 24 ಕ್ಯಾರೆಟ್ ದರಕ್ಕೆ ಗುಣಿಸಿದರೆ ಲೋಹದ ಬೆಲೆ ಸಿಗುತ್ತದೆ. ಪದಕಕ್ಕಾಗಿ ಬೆಸೆದ ಕೊಂಡಿಯ ತೂಕವನ್ನು ಮೊದಲೇ ಕಳೆಯಬೇಕು.

ಬೆಲೆ ಬರೆದ, ಕರಡಿಯಿಲ್ಲದ ಕ್ಯಾಲಿಫೋರ್ನಿಯಾ ಕಾಸು ಸಿಕ್ಕರೆ ಮಾತ್ರ ತಾಳ್ಮೆ ಬೇಕು. ಉಜ್ಜಿ ಹೊಳಪು ಮಾಡಬಾರದು, ಒರೆಗೆ ಹಚ್ಚಲೂಬಾರದು. ವಾಲ್ಟರ್ ಬ್ರೀನ್ ಮತ್ತು ರೊನಾಲ್ಡ್ ಗಿಲಿಯೊ ಈ ಕಾಸುಗಳ ಅಚ್ಚುಗಳನ್ನೆಲ್ಲ ವಿಂಗಡಿಸಿ ‘ಬಿಜಿ’ ಸಂಖ್ಯೆ ಕೊಟ್ಟಿದ್ದಾರೆ. ಕೈಯಲ್ಲಿರುವುದು ಆ ಪಟ್ಟಿಯ ಅಚ್ಚಿಗೆ ಹೊಂದುತ್ತದೆಂದು ತಜ್ಞರು ಖಚಿತಪಡಿಸಿದರೆ, ಅದರ ಬೆಲೆ ಕಟ್ಟುವವರು ಅಕ್ಕಸಾಲಿಗರಲ್ಲ, ಸಂಗ್ರಾಹಕರು.