ಹಿತ್ತಾಳೆಯ ಬಿರುಕು

ಲೋಹವು ಒಡೆಯಬೇಕಾದರೆ ಪೆಟ್ಟು ಬೀಳಬೇಕು, ಇಲ್ಲವೆ ಕಿಲುಬು ಹಿಡಿದು ಸವೆಯಬೇಕು ಎಂಬುದು ಎಲ್ಲರ ತಿಳಿವಳಿಕೆಯಷ್ಟೆ. ಇವೆರಡೂ ಇಲ್ಲದೆ, ಇಟ್ಟಲ್ಲಿಯೇ ಇದ್ದು, ಹಿತ್ತಾಳೆಯು ತಾನಾಗಿ ಸೀಳಿಹೋಗುವುದುಂಟು. ಇದರ ಪ್ರಸಿದ್ಧ ನಿದರ್ಶನವು ನಮ್ಮ ಭರತಖಂಡದಲ್ಲಿಯೇ ದೊರೆಯಿತು.

ಬ್ರಿಟಿಷರ ಆಳ್ವಿಕೆಯಲ್ಲಿ ಮಳೆಗಾಲ ಬಂದೊಡನೆ ದಂಡಿನ ಚಟುವಟಿಕೆ ತಗ್ಗುತ್ತಿದ್ದುದರಿಂದ, ಬಂದೂಕಿನ ತೋಟಾಗಳನ್ನು ಕುದುರೆಯ ಲಾಯಗಳಲ್ಲಿ ಇರಿಸುತ್ತಿದ್ದರು. ಮಳೆ ಹಿಂದೆಗೆದ ಮೇಲೆ ತೆಗೆದು ನೋಡಿದರೆ ಅನೇಕ ತೋಟಾಗಳ ಹಿತ್ತಾಳೆಯ ಕೊಳವೆಗಳು, ಗುಂಡನ್ನು ಬಿಗಿಹಿಡಿದಿರುವ ಕುತ್ತಿಗೆಯಲ್ಲಿ ಬಿರಿದಿರುತ್ತಿದ್ದುವು. ಅಂತಹ ತೋಟಾವನ್ನು ನಂಬಿ ಹೊರಡುವ ಸಿಪಾಯಿಯ ಪಾಡೇನು? ಇದಕ್ಕೆ 'ಸೀಸನ್ ಕ್ರ್ಯಾಕಿಂಗ್' ಎಂಬ ಹೆಸರೇನೋ ಬಂದಿತು. ಹೆಸರಿಟ್ಟ ಮಾತ್ರಕ್ಕೆ ರೋಗವು ತಿಳಿದಂತಾಗುವುದೆ!

1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಶೋಧಕರು ಕಾರಣವನ್ನು ವಿವರಿಸಿದರು. ತೋಟಾದ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಅದನ್ನು ತಣ್ಣಗಿರುವಾಗಲೇ ಅಚ್ಚಿನಲ್ಲಿ ಎಳೆದು ಕೊಳವೆಯಾಗಿಸುವಾಗ, ಕಣ್ಣಿಗೆ ಕಾಣದ ಒಂದು ಬಿಗಿತವು ಲೋಹದೊಳಗೆ ಉಳಿದುಬಿಡುತ್ತದೆ. ಇತ್ತ ಲಾಯದಲ್ಲಿ ಕುದುರೆಯ ಮೂತ್ರದಿಂದ ಅಮೋನಿಯಾ ಎಂಬ, ಮೂಗು ಚುಚ್ಚುವ ವಾಯು ಏಳುತ್ತದೆ. ಲೋಹವೆಂಬುದು ಅತಿಸೂಕ್ಷ್ಮವಾದ ಹರಳುಗಳ ಸಮೂಹ. ತೇವದ ಗಾಳಿಯಲ್ಲಿ ಅಮೋನಿಯಾ ಈ ಹರಳುಗಳ ಸಂದುಗಳನ್ನು ಕೊರೆಯಲು, ಒಳಗಿನ ಬಿಗಿತವು ಅಲ್ಲಿಯೇ ಸೀಳಿಬಿಡುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಈ ಬಿರುಕು ಹುಟ್ಟದು. ಕಾರ್ಯವನ್ನು ಹುಟ್ಟಿಸುವ ಕಾರಣಗಳ ಕೂಟವನ್ನು ನಮ್ಮ ತಾರ್ಕಿಕರು 'ಸಾಮಗ್ರೀ' ಎಂದು ಕರೆದರು. ಇಲ್ಲಿಗೆ ಅದಕ್ಕಿಂತ ಒಪ್ಪುವ ಪದವನ್ನು ನಾನು ಕಾಣೆ.

ಅಡಗಿರುವ ಬಿಗಿತವನ್ನು ಹೊರಗೆಡಹಲು ಪಾದರಸದ ಪರೀಕ್ಷೆಯೊಂದುಂಟು. ಪಾದರಸದ ಲವಣದ್ರಾವಣದಲ್ಲಿ ಹಿತ್ತಾಳೆಯನ್ನು ಮುಳುಗಿಸಿದರೆ, ಪಾದರಸವು ಅದರ ಮೈಮೇಲೆ ಕುಳಿತು ಸಂದುಗಳೊಳಕ್ಕೆ ಇಳಿಯುತ್ತದೆ. ಬಿಗಿತವು ಬಲವಾಗಿದ್ದರೆ ವಸ್ತುವು ಕೆಲವೇ ನಿಮಿಷಗಳಲ್ಲಿ ಬಿರಿಯುತ್ತದೆ. ದ್ರವಲೋಹವು ಘನಲೋಹವನ್ನು ಹೀಗೆ ಭಂಗುರವಾಗಿಸುವುದು ಅಲ್ಯೂಮಿನಿಯಮ್ಮಿನಲ್ಲಿಯೂ ಉಂಟು. ವಿಮಾನದಲ್ಲಿ ಪಾದರಸವನ್ನು ಒಯ್ಯಲು ಕಟ್ಟುನಿಟ್ಟಾದ ನಿರ್ಬಂಧವಿರುವುದಕ್ಕೆ ಇದೂ ಒಂದು ಕಾರಣ.

ಪರಿಹಾರವು ಸರಳ. ರೂಪಿಸಿದ ಹಿತ್ತಾಳೆಯನ್ನು ಸುಮಾರು 250ರಿಂದ 300 ಡಿಗ್ರಿ ಸೆಂಟಿಗ್ರೇಡಿಗೆ ಹದವಾಗಿ ಕಾಯಿಸಿದರೆ, ಗಟ್ಟಿತನವು ಹೆಚ್ಚಾಗಿ ಕುಂದದೆ ಬಿಗಿತವು ಸಡಿಲುತ್ತದೆ. ನಮ್ಮ ಕಂಚುಗಾರರೂ ತಗಡನ್ನು ಬಡಿಯುವಾಗ ನಡುನಡುವೆ ಬೆಂಕಿಗೆ ಹಿಡಿಯುವರು. ಆದರೆ ಕಡೆಯ ಸುತ್ತಿನ ಪೆಟ್ಟುಗಳ ಬಿಗಿತವು ಪಾತ್ರೆಯಲ್ಲಿ ಉಳಿದಿರಬಹುದು. ಆದಕಾರಣ ಹಿತ್ತಾಳೆಯ ಕೊಡ ಕೊಪ್ಪರಿಗೆಗಳನ್ನು ಮಳೆಗಾಲದಲ್ಲಿ ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸದಿರುವುದು ಲೇಸು. ಗಂಜಳದಿಂದ ಏಳುವುದೂ ಅದೇ ಅಮೋನಿಯಾ.